ಕೌಂಟ್ ಬಿದ್ದ ದಿನಗಳ ಶಿಲೀಂಧ್ರಗಳು

ಕಲಬುರಗಿ, ಬೀದರ್ ಕಡೆಯ ತೊಗರಿ ಬೆಳೆಗಾರರಿಗೆ ನೆಟೆ ರೋಗ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಸಿರಾಗಿ ನಿಂತ ಗಿಡ ನೋಡನೋಡುತ್ತ ಬಾಡುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪುಗಂದು ಗೆರೆ. ಬಾಳೆ ತೋಟದವರಿಗೆ ಇಂಥದೇ ಇನ್ನೊಂದು ರೋಗ ಗೊತ್ತು, ಪನಾಮ ಸೊರಗು. ಎರಡಕ್ಕೂ ಕಾರಣ ಫ್ಯುಸೇರಿಯಂ ಎಂಬ ಮಣ್ಣಿನ ಶಿಲೀಂಧ್ರ. ಗಿಡದೊಳಗೆ ನೀರು ಏರುವ ನಾಳಕ್ಕೇ ನುಗ್ಗಿ ಅದನ್ನು ಕಟ್ಟಿಬಿಡುವುದು ಅದರ ವರಸೆ. ಇದೇ ಕುಲದ ಕೆಲವು ಜಾತಿಗಳು ಮನುಷ್ಯನ ರಕ್ತನಾಳಕ್ಕೂ ನುಗ್ಗಬಲ್ಲವು. ಆದರೆ ಎಲ್ಲರ ಮೈಯಲ್ಲೂ ಅವುಗಳ ಆಟ ನಡೆಯುವುದಿಲ್ಲ. ದಿನವಿಡೀ ಅದೇ ಮಣ್ಣು ತುಳಿಯುವ ರೈತನಿಗೆ ಹೆಚ್ಚೆಂದರೆ ಉಗುರು ಕೆಡಬಹುದು, ಇಲ್ಲವೇ ಕಣ್ಣಿಗೆ ಹುಲ್ಲುಗರಿ ತಾಗಿ ಹುಣ್ಣಾಗಬಹುದು. ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರ ರಕ್ತಕ್ಕೆ ಸೇರಿದರೆ ಮಾತ್ರ ಕೆಲವೇ ದಿನಗಳಲ್ಲಿ ಜೀವಕ್ಕೆ ಬರುತ್ತದೆ.

ಈ ವ್ಯತ್ಯಾಸ ಬರುವುದೆಲ್ಲಿಂದ? ಕ್ಯಾನ್ಸರ್ ವಾರ್ಡಿನಲ್ಲಿ ಮನೆಯವರೂ ನರ್ಸುಗಳೂ ಮತ್ತೆ ಮತ್ತೆ ಆಡುವ ಮಾತೊಂದಿದೆ. "ಇವತ್ತು ಕೌಂಟ್ ಎಷ್ಟು ಸಿಸ್ಟರ್?" "ಇನ್ನೂ ಏರಿಲ್ಲಮ್ಮ." ಅವರು ಕೇಳುವುದು ಬಿಳಿ ರಕ್ತಕಣಗಳ ಲೆಕ್ಕ. ಅದರಲ್ಲೂ ವೈದ್ಯರ ಕಣ್ಣು ನೆಟ್ಟಿರುವುದು ನ್ಯೂಟ್ರೋಫಿಲ್ ಎಂಬ ಕಣದ ಮೇಲೆ. ಒಳಹೊಕ್ಕ ಶಿಲೀಂಧ್ರದ ಎಳೆಗಳನ್ನು ಹುಡುಕಿ ಕೊಲ್ಲುವ ಕೆಲಸ ಮುಖ್ಯವಾಗಿ ಇವುಗಳದ್ದೇ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಎರಡರಿಂದ ಏಳು ಸಾವಿರದಷ್ಟಿರುತ್ತವೆ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಇಂದಿಗೂ ಬಳಸುವ '7+3' ಚಿಕಿತ್ಸೆಯಲ್ಲಿ ಏಳು ದಿನ ಸೈಟರಬಿನ್, ಮೂರು ದಿನ ಡೌನೋರುಬಿಸಿನ್ ಕೊಡುತ್ತಾರೆ. ಆಮೇಲೆ ನ್ಯೂಟ್ರೋಫಿಲ್‌ಗಳು 500ಕ್ಕಿಂತ ಕೆಳಗಿಳಿದು, ಎಷ್ಟೋ ಸಲ ನೂರಕ್ಕೂ ಕಡಿಮೆಯಾಗಿ, ಎರಡು ಮೂರು ವಾರ ಅಲ್ಲೇ ಬಿದ್ದಿರುತ್ತವೆ. ಕೌಂಟ್ ಎಷ್ಟು ಇಳಿಯಿತು ಎಂಬುದರಷ್ಟೇ ಎಷ್ಟು ದಿನ ಇಳಿದೇ ಇತ್ತು ಎಂಬುದೂ ಮುಖ್ಯ ಎಂದು ಅಮೆರಿಕದ ಜೆರಾಲ್ಡ್ ಬೋಡೆ ಮತ್ತು ಸಂಗಡಿಗರು 1966ರಲ್ಲೇ ತೀವ್ರ ಲ್ಯುಕೇಮಿಯಾ ರೋಗಿಗಳ ದಾಖಲೆ ಹಿಡಿದು ತೋರಿಸಿದ್ದರು. ಮೊದಲ ದಿನಗಳ ಜ್ವರ ಹೆಚ್ಚಾಗಿ ಬ್ಯಾಕ್ಟೀರಿಯಾದ್ದು. ಕೌಂಟ್ ಏಳದೆ ವಾರ, ಹತ್ತು ದಿನ ಕಳೆದರೆ ಶಿಲೀಂಧ್ರಗಳ ಸರದಿ. ಅಸ್ಥಿಮಜ್ಜೆ ಕಸಿ ಆದವರ ಕತೆ ಇನ್ನೂ ಉದ್ದ. ಅವರಲ್ಲಿ ಕೌಂಟ್ ಎದ್ದ ಮೇಲೂ, ದಾನಿಯ ಕಣಗಳು ರೋಗಿಯ ಮೈಮೇಲೆ ತಿರುಗಿಬಿದ್ದಾಗ ಕೊಡುವ ಸ್ಟಿರಾಯ್ಡ್‌ನಿಂದಾಗಿ ಅಪಾಯ ತಿಂಗಳುಗಟ್ಟಲೆ ಮುಂದುವರಿಯುತ್ತದೆ.

ಇಂಥವರಲ್ಲಿ ಹೆಚ್ಚಾಗಿ ಕಾಣುವ ಶಿಲೀಂಧ್ರಗಳು ಎರಡು: ಕರುಳಿನಲ್ಲಿ, ಚರ್ಮದ ಮೇಲೆ ಮೊದಲೇ ಮನೆ ಮಾಡಿಕೊಂಡಿರುವ ಕ್ಯಾಂಡಿಡಾ, ಗಾಳಿಯಲ್ಲಿ ತೇಲಿ ಬಂದು ಶ್ವಾಸಕೋಶ ಸೇರುವ ಆಸ್ಪರ್ಜಿಲಸ್. ಇವೆರಡನ್ನು ಬಿಟ್ಟು ಉಳಿದದ್ದನ್ನೆಲ್ಲ ವೈದ್ಯಕೀಯ ಗ್ರಂಥಗಳು 'ಅಪರೂಪದವು' ಎಂಬ ಒಂದೇ ಮೂಟೆಗೆ ತುಂಬಿದವು. ಮ್ಯೂಕರ್ ಗುಂಪು, ಫ್ಯುಸೇರಿಯಂ, ಟ್ರೈಕೋಸ್ಪೊರಾನ್, ಲೊಮೆಂಟೋಸ್ಪೊರಾ, ಹೀಗೆ ಪಟ್ಟಿ ಬೆಳೆಯುತ್ತದೆ. ನನ್ನ ಮಟ್ಟಿಗೆ ಈ ಮೂಟೆಯೇ ಅರ್ಧ ತೊಂದರೆಯ ಮೂಲ. ಇದರೊಳಗಿನ ಒಂದೊಂದಕ್ಕೂ ಬೇರೆ ಬೇರೆ ಔಷಧಿ ಬೇಕು. ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ನೀರು. ಸಾಲದ್ದಕ್ಕೆ ಯುರೋಪಿನಲ್ಲಿ ಅಪರೂಪವಾದದ್ದು ನಮ್ಮಲ್ಲಿ ಅಪರೂಪವೇ ಆಗಿರಬೇಕೆಂದೇನಿಲ್ಲ. ಚಂಡೀಗಢದ ಪಿಜಿಐ ಸಂಸ್ಥೆಯ ಅರುಣಾಲೋಕ ಚಕ್ರವರ್ತಿಯವರ ತಂಡ ಕೋವಿಡ್‌ಗೂ ಮೊದಲೇ ಹಾಕಿದ ಅಂದಾಜಿನ ಪ್ರಕಾರ ಭಾರತದಲ್ಲಿ ಹತ್ತು ಲಕ್ಷ ಜನಕ್ಕೆ 140ರಷ್ಟು ಮ್ಯೂಕರ್ ಸೋಂಕು. ಮುಂದುವರಿದ ದೇಶಗಳಿಗೆ ಹೋಲಿಸಿದರೆ ಇದು ಸುಮಾರು 70 ಪಟ್ಟು.

ಮ್ಯೂಕರ್ ಹೆಸರು 2021ರ ಮೇ ತಿಂಗಳಲ್ಲಿ ಕರ್ನಾಟಕದ ಮನೆಮನೆಗೂ ಬಂತು. ಕೋವಿಡ್‌ನ ಎರಡನೇ ಅಲೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅಳತೆ ಮೀರಿದ ಸ್ಟಿರಾಯ್ಡ್ ಮೂರೂ ಕೂಡಿ ಮೂಗು, ಕಣ್ಣು, ದವಡೆಗೆ ಹಬ್ಬಿದ 'ಕಪ್ಪು ಶಿಲೀಂಧ್ರ'ವನ್ನು ರಾಜ್ಯ ಸರ್ಕಾರ ಅಧಿಸೂಚಿತ ರೋಗವೆಂದು ಸಾರಿತು. ಅಸಲಿಗೆ ಕಪ್ಪಾಗುವುದು ಶಿಲೀಂಧ್ರವಲ್ಲ. ರೈಜೋಪಸ್ ಮೊದಲಾದ ಈ ಗುಂಪಿನ ಎಳೆಗಳು ರಕ್ತನಾಳದ ಗೋಡೆ ಕೊರೆದು ಒಳಹೋಗುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮುಂದಿನ ಭಾಗ ರಕ್ತ ಸಿಗದೆ ಸತ್ತು ಕಪ್ಪಾಗುತ್ತದೆ. ಕೊಟ್ಟ ಔಷಧಿಯೂ ರಕ್ತದ ಮೂಲಕವೇ ಹೋಗಬೇಕಾದ್ದರಿಂದ ಆ ಭಾಗವನ್ನು ಅದು ಮುಟ್ಟುವುದೇ ಇಲ್ಲ. ಶಸ್ತ್ರಚಿಕಿತ್ಸಕರು ಕೊಳೆತದ್ದನ್ನು ಕೆತ್ತಿ ತೆಗೆಯದೆ ವಿಧಿಯಿಲ್ಲ ಎನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆಯವರಲ್ಲಿ ಮುಖಕ್ಕೆ ಬರುವ ಈ ರೋಗ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತದೆ. ಮುಖದ್ದಾದರೆ ಕಣ್ಣಿಗೆ ಕಾಣುತ್ತದೆ, ಶ್ವಾಸಕೋಶದ್ದು ಕಾಣುವುದಿಲ್ಲ. ಎರಡು ಬಗೆಯ ಆಂಟಿಬಯಾಟಿಕ್‌ಗೂ ಬಗ್ಗದ ಜ್ವರ, ಸ್ವಲ್ಪ ಕೆಮ್ಮು, ಎದೆಯಲ್ಲೊಂದು ಚುಚ್ಚು, ಅಷ್ಟೇ. ಎಕ್ಸ್‌ರೇ ಎಷ್ಟೋ ಸಲ ಏನೂ ಹೇಳುವುದಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ನಡುವೆ ಮಸುಕು, ಸುತ್ತ ಗಟ್ಟಿ ಉಂಗುರವಿರುವ ಗುರುತು ಕಂಡರೆ ಮ್ಯೂಕರ್ ಶಂಕೆ ಬಲವಾಗುತ್ತದೆ. ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮತ್ತೆ ಮತ್ತೆ ನೆನಪಿಸಿಕೊಳ್ಳಬೇಕಾದ್ದು. ಮ್ಯೂಕರ್ ತಗುಲಿದ 70 ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಶಿಲೀಂಧ್ರ ಕೊಲ್ಲುವ ಆಂಫೊಟೆರಿಸಿನ್-ಬಿ ಔಷಧಿ ಶುರುವಾಗಲು ಆರು ದಿನ ಅಥವಾ ಹೆಚ್ಚು ತಡವಾದವರಲ್ಲಿ ಹನ್ನೆರಡು ವಾರದೊಳಗೆ ಸತ್ತವರು ಶೇ. 83ರಷ್ಟು, ಬೇಗ ಶುರುವಾದವರಲ್ಲಿ ಶೇ. 49ರಷ್ಟು. ಔಷಧಿ ಒಂದೇ, ಆಸ್ಪತ್ರೆಯೂ ಒಂದೇ.

ಹೀಗೆ ಕಣ್ಣಿಗೆ ಕಾಣದೆ ಒಳಗೇ ಅಡಗುವ ಮ್ಯೂಕರಿಗೆ ಫ್ಯುಸೇರಿಯಂ ತದ್ವಿರುದ್ಧ. ಅದು ತನ್ನ ಗುರುತನ್ನು ಚರ್ಮದ ಮೇಲೆ ಬರೆದು ತೋರಿಸುತ್ತದೆ. ರಕ್ತದಲ್ಲಿ ಹರಡಿದ ರೋಗಿಗಳಲ್ಲಿ ಬಹುಪಾಲು ಮಂದಿಗೆ ಕೈಕಾಲಿನ ಮೇಲೆ ಕೆಂಪು ಗಂಟುಗಳೇಳುತ್ತವೆ. ಒತ್ತಿದರೆ ನೋವು, ಎರಡು ದಿನದಲ್ಲಿ ನಡು ಕಪ್ಪಾಗುತ್ತದೆ. ಆಸ್ಪರ್ಜಿಲಸ್ ಬ್ಲಡ್ ಕಲ್ಚರಿನಲ್ಲಿ ಬೆಳೆಯುವುದೇ ಅಪರೂಪ. ಫ್ಯುಸೇರಿಯಂ ಮಾತ್ರ ರಕ್ತದೊಳಗೇ ಬೀಜಕಗಳನ್ನು ಉದುರಿಸುವುದರಿಂದ ಸುಮಾರು ಅರ್ಧದಷ್ಟು ರೋಗಿಗಳ ಕಲ್ಚರ್ ಬಾಟಲಿಯಲ್ಲೇ ಸಿಕ್ಕಿಬೀಳುತ್ತದೆ. ಒಳಗೆ ಬರುವ ದಾರಿಯೂ ಸಣ್ಣದು: ಹೆಬ್ಬೆರಳಿನ ಉಗುರಿನ ಬದಿಯ ಹಳೇ ಸೋಂಕು, ಪಾದದ ಒಡಕು. ಕೀಮೋ ಶುರು ಮಾಡುವ ಮೊದಲು ರೋಗಿಯ ಕಾಲ್ಬೆರಳುಗಳನ್ನು ಬಿಡಿಸಿ ನೋಡಿ ಎಂದು ಬ್ರೆಜಿಲ್‌ನ ತಜ್ಞರು ಒತ್ತಿ ಹೇಳುತ್ತ ಬಂದಿದ್ದಾರೆ. ಐದು ನಿಮಿಷದ ಕೆಲಸ, ಖರ್ಚಿಲ್ಲ. ಬರಿಗಾಲಲ್ಲಿ ಗದ್ದೆ ಕೆಲಸ ಮಾಡುವವರ ನಾಡಿನಲ್ಲಿ ಇದು ಕೇಸ್ ಶೀಟಿನ ಮೊದಲ ಪುಟದಲ್ಲೇ ಇರಬೇಕಾದ ಸಾಲು.

ಫ್ಯುಸೇರಿಯಂ ವಿಷಯದಲ್ಲಿ ಔಷಧಿಗಿಂತ ಕೌಂಟ್ ದೊಡ್ಡದು. ಬ್ರೆಜಿಲ್‌ನ ಮಾರ್ಸಿಯೊ ನೂಚಿ ಮತ್ತು ಸಂಗಡಿಗರು ಇಂಥ 84 ರೋಗಿಗಳನ್ನು ಪರಿಶೀಲಿಸಿ 2003ರಲ್ಲಿ ಬರೆದದ್ದು ಕಟುವಾಗಿದೆ. ಕೌಂಟ್ ಎದ್ದು, ಸ್ಟಿರಾಯ್ಡ್ ಕೂಡ ಇಲ್ಲದವರಲ್ಲಿ ಬದುಕಿ ಉಳಿದವರು ಶೇ. 67. ಕೌಂಟ್ ಏಳದವರಲ್ಲಿ ಶೇ. 4. ಕೌಂಟೂ ಏಳದೆ, ಸ್ಟಿರಾಯ್ಡೂ ನಡೆಯುತ್ತಿದ್ದವರಲ್ಲಿ ಒಬ್ಬರೂ ಇಲ್ಲ.

ಉಳಿದವುಗಳನ್ನು ಬೇಗ ಮುಗಿಸೋಣ. ಟ್ರೈಕೋಸ್ಪೊರಾನ್ ಅಸಾಹಿ ಎಂಬ ಯೀಸ್ಟ್ ತೋಳಿನ ರಕ್ತನಾಳಕ್ಕೆ ಹಾಕಿದ ಪಿಕ್ ಲೈನ್ ಮೂಲಕವೋ ಕೀಮೋದಿಂದ ಸುಲಿದ ಕರುಳಿನ ಮೂಲಕವೋ ಬರುತ್ತದೆ. ಕ್ಯಾಂಡಿಡಾಕ್ಕೆಂದು ಕೊಡುವ ಕ್ಯಾಸ್ಪೋಫಂಜಿನ್ ಇದಕ್ಕೆ ಲೆಕ್ಕಕ್ಕೇ ಇಲ್ಲ. ಮ್ಯಾಗ್ನುಸಿಯೋಮೈಸಿಸ್ ಎಂಬ ಇನ್ನೊಂದು ಯೀಸ್ಟ್ ಹೆಚ್ಚಾಗಿ ಇಟಲಿ, ಸ್ಪೇನ್ ಕಡೆಯದು. ಸ್ಪೇನಿನ ರಕ್ತರೋಗ ವಿಭಾಗವೊಂದರಲ್ಲಿ ಇದರ ಜಾಡು ಹಿಡಿದು ಹೋದವರು ಕೊನೆಗೆ ಮುಟ್ಟಿದ್ದು ರೋಗಿಗಳಿಗೆ ಹಾಲು ತರುತ್ತಿದ್ದ ಫ್ಲಾಸ್ಕ್‌ಗಳನ್ನು. ಲೊಮೆಂಟೋಸ್ಪೊರಾ ಪ್ರೊಲಿಫಿಕನ್ಸ್ ಆಸ್ಟ್ರೇಲಿಯಾ, ಸ್ಪೇನ್‌ಗಳಿಂದ ಹೆಚ್ಚು ವರದಿಯಾಗುವ ಬೂಷ್ಟು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಯಾವ ಔಷಧಿಗೂ ಅದು ಜಗ್ಗುವುದಿಲ್ಲ.

ಇವೆಲ್ಲ ಈಚೆಗೆ ಹುಟ್ಟಿದ ಜೀವಿಗಳೇನಲ್ಲ. ಮ್ಯೂಕರ್ ಮನುಷ್ಯನ ಒಳಾಂಗಗಳಿಗೆ ಹಬ್ಬಿದ್ದನ್ನು ಆಸ್ಟ್ರಿಯಾದ ಪಾಲ್ಟಾಫ್ 1885ರಲ್ಲೇ ವಿವರಿಸಿದ್ದ. ಇವು ವಾರ್ಡುಗಳಲ್ಲಿ ಹೆಚ್ಚುತ್ತ ಬಂದದ್ದಕ್ಕೆ ಒಂದು ಕಾರಣ ವೈದ್ಯಕೀಯದ ಯಶಸ್ಸು. ಹಿಂದೆ ಲ್ಯುಕೇಮಿಯಾ ರೋಗಿ ಬ್ಯಾಕ್ಟೀರಿಯಾಕ್ಕೋ ರಕ್ತಸ್ರಾವಕ್ಕೋ ಬಲಿಯಾಗುತ್ತಿದ್ದ, ಶಿಲೀಂಧ್ರದ ಸರದಿ ಬರುತ್ತಲೇ ಇರಲಿಲ್ಲ. ಇನ್ನೊಂದು ಕಾರಣ ಔಷಧಿಗಳೇ. ವೆನೆಜುವೆಲಾದ ಒರಿನೊಕೊ ನದೀಸೀಮೆಯ ಮಣ್ಣಿನ ಜೀವಿಯಿಂದ 1950ರ ದಶಕದಲ್ಲಿ ಸಿಕ್ಕ ಆಂಫೊಟೆರಿಸಿನ್-ಬಿ ಬಹುತೇಕ ಎಲ್ಲ ಶಿಲೀಂಧ್ರಗಳನ್ನೂ ಕೊಲ್ಲುತ್ತಿತ್ತು, ಜತೆಗೆ ಮೂತ್ರಪಿಂಡವನ್ನೂ ಹಿಂಡುತ್ತಿತ್ತು. 1990ರಲ್ಲಿ ಬಂದ ಫ್ಲುಕೊನಜೋಲ್ ಗುಳಿಗೆ ನುಂಗಲು ಸುಲಭ. ಕಸಿ ಮಾಡಿಸಿಕೊಂಡವರಿಗೆ ಮುಂಜಾಗ್ರತೆಯಾಗಿ ಕೊಟ್ಟಾಗ ಕ್ಯಾಂಡಿಡಾ ಸೋಂಕು ಇಳಿಯಿತು, ಬೂಷ್ಟುಗಳಿಗೆ ಏನೂ ಆಗಲಿಲ್ಲ. 2002ರಲ್ಲಿ ವೊರಿಕೊನಜೋಲ್ ಬಂತು. ಆಸ್ಪರ್ಜಿಲಸ್ ಸೋಂಕಿನಲ್ಲಿ ಹನ್ನೆರಡನೇ ವಾರಕ್ಕೆ ಬದುಕಿದ್ದವರ ಪ್ರಮಾಣ ಹಳೇ ಆಂಫೊಟೆರಿಸಿನ್‌ನಲ್ಲಿ ಶೇ. 58 ಇದ್ದದ್ದು ಇದರಿಂದ ಶೇ. 71ಕ್ಕೇರಿತು. ದೊಡ್ಡ ಗೆಲುವೇ ಸರಿ. ಆದರೆ ವೊರಿಕೊನಜೋಲ್‌ಗೆ ಮ್ಯೂಕರ್ ಮೇಲೆ ಯಾವ ಹಿಡಿತವೂ ಇಲ್ಲ. ಕೆಲವೇ ವರ್ಷಗಳಲ್ಲಿ ಆ ಗುಳಿಗೆ ನುಂಗುತ್ತಿದ್ದವರಲ್ಲೇ ಮ್ಯೂಕರ್ ಕಾಣಿಸಿಕೊಂಡ ವರದಿಗಳು ಕಸಿ ಕೇಂದ್ರಗಳಿಂದ ಬರತೊಡಗಿದವು. ಒಂದು ಕಳೆಗೆಂದು ಹೊಡೆದ ಮದ್ದು ಇನ್ನೊಂದು ಕಳೆಗೆ ಜಾಗ ಬಿಟ್ಟುಕೊಟ್ಟಂತೆ. ಮ್ಯೂಕರ್ ಮೇಲೂ ಒಂದಷ್ಟು ಕೈಯಿರುವ ಪೊಸಕೊನಜೋಲ್ ಆಮೇಲೆ ಬಂತು. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಅದನ್ನು ಮೊದಲೇ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು 2007ರ ಅಧ್ಯಯನ ತೋರಿಸಿತು.

ಎಲ್ಲರಿಗೂ ಅದನ್ನೇ ಕೊಟ್ಟರಾಯಿತಲ್ಲ ಎಂದರೆ ಅದೂ ಆಗದು. ಮಕ್ಕಳಲ್ಲಿ ಹೆಚ್ಚಾಗಿ ಬರುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ವಿನ್‌ಕ್ರಿಸ್ಟಿನ್ ಬೇಕೇ ಬೇಕು. ಅದರ ಜತೆ ಈ ಅಜೋಲ್ ಗುಂಪಿನ ಗುಳಿಗೆ ಸೇರಿದರೆ ವಿನ್‌ಕ್ರಿಸ್ಟಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ನರಗಳನ್ನು ಕೆಡಿಸುತ್ತದೆ, ಕರುಳು ಸ್ತಬ್ಧವಾಗುತ್ತದೆ. ವಯಸ್ಸಾದವರಿಗೆ ಈಗ ಕೊಡುವ ವೆನೆಟೊಕ್ಲಾಕ್ಸ್ ಗುಳಿಗೆಯ ಪ್ರಮಾಣವನ್ನು ಪೊಸಕೊನಜೋಲ್ ಜತೆಗಿದ್ದರೆ ಬಹಳ ಇಳಿಸಬೇಕು. ದೀರ್ಘಕಾಲಿಕ ಲಿಂಫೋಸಿಟಿಕ್ ಲ್ಯುಕೇಮಿಯಾಕ್ಕೆ ಕೊಡುವ ಇಬ್ರುಟಿನಿಬ್ ಕೌಂಟನ್ನು ಅಷ್ಟೇನೂ ಬೀಳಿಸದಿದ್ದರೂ, ಅದನ್ನು ಶುರು ಮಾಡಿದ ಮೊದಲ ತಿಂಗಳುಗಳಲ್ಲೇ ಕೆಲವರಿಗೆ ಆಸ್ಪರ್ಜಿಲಸ್ ಮಿದುಳಿಗೆ ಹೋದದ್ದು ಫ್ರಾನ್ಸಿನಿಂದ ವರದಿಯಾಗಿದೆ. ರೋಗಿಯದೇ ರಕ್ತಕಣಗಳನ್ನು ತಿದ್ದಿ ಕ್ಯಾನ್ಸರ್ ಮೇಲೆ ಬಿಡುವ, ಭಾರತದ್ದೇ ಆದ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿದೆ. ಅದೂ ರೋಗಿಯನ್ನು ವಾರಗಟ್ಟಲೆ ಕೌಂಟ್ ಇಲ್ಲದೆ ಇಡಬಲ್ಲದು. ಹೊಸ ಕ್ಯಾನ್ಸರ್ ಔಷಧಿ ಬಂದಾಗಲೆಲ್ಲ ಶಿಲೀಂಧ್ರದ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಗುತ್ತದೆ.

ಹಾಗಾದರೆ ಯಾವ ಶಿಲೀಂಧ್ರ ಎಂದು ತಿಳಿಯುವುದೇ ಮೊದಲ ಕೆಲಸ, ಕಷ್ಟವಿರುವುದೂ ಅಲ್ಲೇ. ರಕ್ತದಲ್ಲಿ ಗ್ಯಾಲಕ್ಟೋಮ್ಯಾನನ್ ಎಂಬ ಸಕ್ಕರೆಯನ್ನು ಹುಡುಕುವ ಪರೀಕ್ಷೆ ಆಸ್ಪರ್ಜಿಲಸ್‌ಗಾಗಿ ಮಾಡಿದ್ದು. ಮ್ಯೂಕರ್ ಇದ್ದರೆ ಅದು ನೆಗೆಟಿವ್. ಬೀಟಾ ಗ್ಲೂಕಾನ್ ಪರೀಕ್ಷೆ ಫ್ಯುಸೇರಿಯಂ, ಕ್ಯಾಂಡಿಡಾ, ಆಸ್ಪರ್ಜಿಲಸ್ ಮೂರನ್ನೂ ಹಿಡಿಯುತ್ತದೆ, ಯಾವುದೆಂದು ಹೇಳುವುದಿಲ್ಲ. ಮ್ಯೂಕರ್ ಮಟ್ಟಿಗೆ ಅದೂ ಕುರುಡು. ರಿಪೋರ್ಟ್ ಎರಡೂ ನೆಗೆಟಿವ್ ಬಂದಿದೆ, ಶಿಲೀಂಧ್ರವಿಲ್ಲ ಎಂದು ಮನೆಯವರು ನಿಟ್ಟುಸಿರುಬಿಟ್ಟ ದಿನವೇ ಮ್ಯೂಕರ್ ಒಳಗೆ ಹಬ್ಬುತ್ತಿರಬಹುದು.

ನಂಬಬಹುದಾದ ದಾರಿ ಹಳೆಯದು: ಸೋಂಕಿರುವ ಜಾಗದಿಂದ ಒಂದು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗಾಜಿನ ಸ್ಲೈಡ್ ಮೇಲೆ ತುಣುಕಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದೆರಡು ಹನಿ ಹಾಕುತ್ತಾರೆ. ಲ್ಯಾಬಿನವರು ಇದನ್ನು ಕೆಓಎಚ್ ಮೌಂಟ್ ಎನ್ನುತ್ತಾರೆ. ಕ್ಷಾರಕ್ಕೆ ಮನುಷ್ಯನ ಜೀವಕೋಶಗಳು ಕರಗುತ್ತವೆ, ಶಿಲೀಂಧ್ರದ ಗಟ್ಟಿ ಗೋಡೆ ಕರಗುವುದಿಲ್ಲ. ಸ್ವಲ್ಪ ಹೊತ್ತಿಗೆ ಎಳೆಗಳು ತಿಳಿಯಾಗಿ ನಿಲ್ಲುತ್ತವೆ. ಎಳೆ ಅಗಲವಾಗಿ, ಅಡ್ಡಗೋಡೆಯೇ ಇಲ್ಲವೆಂಬಷ್ಟು ಕಡಿಮೆಯಾಗಿ, ಅಲ್ಲಲ್ಲಿ ಮಡಚಿಕೊಂಡು, ಲಂಬಕೋನದಲ್ಲಿ ಕವಲೊಡೆದಿದ್ದರೆ ಮ್ಯೂಕರ್. ತೆಳ್ಳಗೆ ಒಂದೇ ಅಳತೆಯಾಗಿದ್ದು, ಅಡ್ಡಗೋಡೆಗಳಿದ್ದು, ಓರೆಯಾಗಿ ಕವಲೊಡೆದರೆ ಆಸ್ಪರ್ಜಿಲಸ್ ಇರಬಹುದು, ಫ್ಯುಸೇರಿಯಮ್ಮೂ ಇರಬಹುದು. ಇವೆರಡನ್ನು ಬೇರ್ಪಡಿಸಲು ಕಲ್ಚರ್ ಬೆಳೆಯುವ ತನಕ ಕಾದು, ಕುಡುಗೋಲಿನ ಆಕಾರದ ಬೀಜಕಗಳನ್ನು ಕಾಣಬೇಕು. ಮ್ಯೂಕರ್ ಅನುಮಾನವಿದ್ದರೆ ತುಣುಕನ್ನು ಅರೆಯಬಾರದು, ಕತ್ತರಿಸಬೇಕು. ಅಡ್ಡಗೋಡೆಯಿಲ್ಲದ ಆ ಎಳೆಗಳು ಅರೆದರೆ ಸತ್ತುಹೋಗಿ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಇದನ್ನು ತಿಳಿದ ಲ್ಯಾಬ್ ಟೆಕ್ನಿಷಿಯನ್ ಒಬ್ಬರಿದ್ದರೆ ರೋಗಿಯ ಹಣೆಬರಹ ಬೇರೆಯಾಗುತ್ತದೆ. ಗಂಟೆಯೊಳಗೆ ಸಿಗುವ, ನೂರಾರು ರೂಪಾಯಿ ಮಾತ್ರ ಖರ್ಚಾಗುವ ಈ ಉತ್ತರಕ್ಕೆ ಅಡ್ಡಿಯಾಗುವುದು ತುಣುಕು ಸಿಗದೇ ಇರುವುದು. ಕೌಂಟ್ ಬಿದ್ದವರಲ್ಲಿ ಪ್ಲೇಟ್‌ಲೆಟ್ ಕೂಡ ಬಿದ್ದಿರುತ್ತದೆ. ಶ್ವಾಸಕೋಶಕ್ಕೆ ಸೂಜಿ ಹಾಕಿದರೆ ರಕ್ತ ನಿಲ್ಲದೇನೋ ಎಂಬ ಭಯ ನಿಜವಾದದ್ದೇ. ಆದ್ದರಿಂದಲೇ ಚರ್ಮದ ಗಂಟು, ಮೂಗಿನೊಳಗಿನ ಹಕ್ಕಳೆಯಂಥ ಸುಲಭ ಜಾಗ ಸಿಕ್ಕರೆ ಬಿಡಬಾರದು.

ಚಿಕಿತ್ಸೆಯ ಖರ್ಚಿನ ಬಗ್ಗೆ ನಮ್ಮ ವೈದ್ಯಕೀಯ ಲೇಖನಗಳು ನಾಚಿಕೊಳ್ಳುತ್ತವೆ. ಮ್ಯೂಕರ್‌ಗೆ ಮೊದಲ ಆಯ್ಕೆ ಕೊಬ್ಬಿನ ಗುಳ್ಳೆಯೊಳಗೆ ತುಂಬಿದ ಲೈಪೋಸೋಮಲ್ ಆಂಫೊಟೆರಿಸಿನ್. ದಿನಕ್ಕೆ ತೂಕದ ಪ್ರತಿ ಕಿಲೋಗೆ ಐದು ಮಿಲಿಗ್ರಾಂನಿಂದ ಶುರು. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ 300 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ ಆರು ವಯಲ್. ಒಂದೊಂದಕ್ಕೆ ಸಾವಿರಾರು ರೂಪಾಯಿ, ಕೊಡಬೇಕಾದ್ದು ವಾರಗಟ್ಟಲೆ. 2021ರಲ್ಲಿ ಈ ವಯಲ್‌ಗಳಿಗಾಗಿ ಮನೆಯವರು ಊರೂರು ಅಲೆದದ್ದನ್ನು, ಕೇಂದ್ರ ಸರ್ಕಾರ ರಾಜ್ಯಗಳಿಗೆ ಪಾಲು ಹಾಕಿ ಹಂಚಿದ್ದನ್ನು ಯಾರೂ ಮರೆತಿಲ್ಲ. ದುಡ್ಡಿಲ್ಲದವರಿಗೆ ಉಳಿಯುವುದು ಹಳೇ ಆಂಫೊಟೆರಿಸಿನ್: ಅಗ್ಗ, ಆದರೆ ಚಳಿ ಹತ್ತಿ ಮಂಚ ಅಲ್ಲಾಡುವಷ್ಟು ನಡುಕ, ಇಳಿಯುವ ಪೊಟ್ಯಾಸಿಯಂ, ಏರುವ ಕ್ರಿಯಾಟಿನಿನ್. ಅದನ್ನು ಸಲೈನ್‌ನಲ್ಲಿ ಬೆರೆಸಿದರೆ ಗರಣೆಗಟ್ಟುವುದರಿಂದ ಶೇ. 5ರ ಡೆಕ್ಸ್‌ಟ್ರೋಸ್‌ನಲ್ಲೇ ಬೆರೆಸಿ ನಿಧಾನವಾಗಿ ಹರಿಸಬೇಕು. ಮ್ಯೂಕರ್‌ಗೂ ಫ್ಯುಸೇರಿಯಂಗೂ ಹೊಸ ಆಸೆಯೆಂದು ಹೇಳಲಾಗುವ ಫಾಸ್‌ಮನೊಜೆಪಿಕ್ಸ್, ಲೊಮೆಂಟೋಸ್ಪೊರಾವನ್ನೂ ಹಿಡಿಯುವ ಓಲೊರೋಫಿಮ್ ಪ್ರಯೋಗದ ಹಂತಗಳಲ್ಲಿವೆ. ಬಂದರೆ ಸಂತೋಷ. ಆದರೆ ನಮ್ಮ ರೋಗಿಗಳು ಸಾಯುತ್ತಿರುವುದು ಮುಂದೆ ಬರಲಿರುವ ಔಷಧಿ ಇಲ್ಲದ್ದಕ್ಕಿಂತ ಹೆಚ್ಚಾಗಿ, ಇರುವ ಔಷಧಿ ಆರು ದಿನ ತಡವಾಗಿ ಸಿಗುವುದರಿಂದ ಎಂಬುದು ನನ್ನ ಅಭಿಪ್ರಾಯ.

ಇನ್ನು ಗಾಳಿ. ಕಸಿ ವಾರ್ಡುಗಳಲ್ಲಿ 0.3 ಮೈಕ್ರಾನ್ ಗಾತ್ರದ ಕಣಗಳನ್ನು ಶೇ. 99.97ರಷ್ಟು ತಡೆಯುವ ಹೆಪಾ ಫಿಲ್ಟರ್ ಇರುತ್ತದೆ; ಕೋಣೆಯೊಳಗಿನ ಒತ್ತಡ ಹೊರಗಿಗಿಂತ ಹೆಚ್ಚಿಟ್ಟು ಹೊರಗಾಳಿ ನುಗ್ಗದಂತೆ ನೋಡಿಕೊಳ್ಳುತ್ತಾರೆ. ಸಾಮಾನ್ಯ ಕ್ಯಾನ್ಸರ್ ವಾರ್ಡಿನ ಕಿಟಕಿ ತೆರೆದಿರುತ್ತದೆ, ಪಕ್ಕದಲ್ಲೇ ಹೊಸ ಬ್ಲಾಕ್ ಕಟ್ಟುವ ಧೂಳು. ಕಟ್ಟಡ ಕೆಲಸಕ್ಕೂ ಆಸ್ಪರ್ಜಿಲಸ್‌ಗೂ ಇರುವ ನಂಟು ಹಲವು ದೇಶಗಳಲ್ಲಿ ಸಾಬೀತಾಗಿದೆ. ಗಾಳಿಯೊಂದನ್ನೇ ದೂರಿದರೂ ಸಾಲದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 2008-09ರಲ್ಲಿ ಮಕ್ಕಳ ಆಸ್ಪತ್ರೆಯೊಂದರ ಐದು ಮಕ್ಕಳಿಗೆ ಮ್ಯೂಕರ್ ಬಂದದ್ದನ್ನು ಬೆನ್ನಟ್ಟಿದಾಗ ಸಿಕ್ಕ ಮೂಲ ಹಾಸಿಗೆಯ ಬಟ್ಟೆಗಳು.

ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ 19 ಅಪಾಯಕಾರಿ ಶಿಲೀಂಧ್ರಗಳ ಆದ್ಯತಾ ಪಟ್ಟಿ ಹೊರಡಿಸಿತು. ಮ್ಯೂಕರ್, ಫ್ಯುಸೇರಿಯಂ ಎರಡೂ ಅದರ ಎರಡನೇ ಸಾಲಿನಲ್ಲಿವೆ, ಲೊಮೆಂಟೋಸ್ಪೊರಾ ಮೂರನೆಯದರಲ್ಲಿ. ಪಟ್ಟಿಗಿಂತ ನಮಗೆ ತುರ್ತಾಗಿ ಬೇಕಾದ್ದು ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ರಾತ್ರಿಯೂ ಕೆಓಎಚ್ ಮೌಂಟ್ ನೋಡಬಲ್ಲ ಒಬ್ಬರು, ಆ ಆಸ್ಪತ್ರೆಯ ಔಷಧಾಲಯದಲ್ಲಿ ಮೊದಲ ಮೂರು ದಿನಕ್ಕಾಗುವಷ್ಟು ಲೈಪೋಸೋಮಲ್ ಆಂಫೊಟೆರಿಸಿನ್. ಕರ್ನಾಟಕದಲ್ಲಿ ರಕ್ತ ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಪಾಲು ಬೆಂಗಳೂರಿನಲ್ಲೇ ನಡೆಯುತ್ತದೆ. ಎರಡು ಕೀಮೋಗಳ ನಡುವೆ ರೋಗಿ ಊರಿಗೆ ಹೋಗಿರುತ್ತಾನೆ, ಜ್ವರ ಬರುವುದು ಅಲ್ಲಿ. ರಾಯಚೂರಿನಿಂದ ರಾಜಧಾನಿಗೆ ಸುಮಾರು 400 ಕಿಲೋಮೀಟರ್.

ಮನೆಯಲ್ಲಿ ಕೀಮೋ ನಡೆಯುತ್ತಿರುವವರಿದ್ದರೆ ಇಷ್ಟು ಮಾಡಿ. ಥರ್ಮಾಮೀಟರ್ ಕೈಗೆ ಸಿಗುವಂತಿರಲಿ. ಜ್ವರ 101 ಡಿಗ್ರಿ ಮುಟ್ಟಿದರೆ, ಇಲ್ಲವೇ 100.4ರಲ್ಲಿ ಒಂದು ಗಂಟೆ ನಿಂತರೆ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯಬೇಡಿ. ರಾತ್ರಿಯೇ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ. ಹೋದ ಕೂಡಲೆ ಮೊದಲ ಮಾತಲ್ಲೇ ಕೀಮೋ ಆಗಿದೆ, ಇಂಥ ದಿನ ಮುಗಿಯಿತು ಎಂದು ಹೇಳಿ. ಚರ್ಮದ ಮೇಲೆ ಹೊಸ ಗಂಟು, ಮೂಗಿನಲ್ಲಿ ಕಪ್ಪು ಹಕ್ಕಳೆ, ಕಾಲುಗುರಿನ ಬದಿಯಲ್ಲಿ ಊತ ಕಂಡರೆ ಡಾಕ್ಟರಿಗೆ ತೋರಿಸದೆ ಬರಬೇಡಿ. ಜ್ವರ ಐದಾರು ದಿನವಾದರೂ ಬಿಡದಿದ್ದರೆ, "ಫಂಗಸ್ ಇರಬಹುದೇ, ಸಿ.ಟಿ. ಬೇಕೇ ಡಾಕ್ಟ್ರೇ?" ಎಂದು ಕೇಳಲು ಸಂಕೋಚಪಡಬೇಡಿ.